ಮೌನ ಯಾರ ಸೊತ್ತು?

ದೇವಸ್ಥಾನಕ್ಕೆ ಘಂಟೆ ಹೇಗೋ ಗ್ರಂಥಾಲಯಕ್ಕೆ ಮೌನ ಹಾಗೆ. ‘ದಯವಿಟ್ಟು ಮೌನವಾಗಿರಿ’ ಎಂಬ ಹಲಗೆಯಿಲ್ಲದ ವಾಚನಾಲಯವನ್ನು ಊಹಿಸಿಕೊಳ್ಳುವುದೂ ನಮಗೆ ಕಷ್ಟ. ಅದೇ ಗ್ರಂಥಾಲಯ ಒಂದು ದಿನ ಬಾಗಿಲನ್ನು ಪೂರ್ತಿ ತೆರೆದು, ‘ಬನ್ನಿ, ಮಾತಾಡಿ, ಹಾಡಿ’ ಎಂದು ಊರನ್ನೆಲ್ಲ ಕರೆದರೆ ನಿತ್ಯದ ಓದುಗರಿಗೆ ಕಸಿವಿಸಿಯಾಗುವುದು ಸಹಜ. ಈ ಕಸಿವಿಸಿಯನ್ನು ಬರಿಯ ಸಿಡುಕು ಎಂದು ತಳ್ಳಿಹಾಕಬಾರದು, ಅದರಲ್ಲೊಂದು ಧರ್ಮಸೂಕ್ಷ್ಮವಿದೆ.

ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಅಂಥದೊಂದು ದಿನ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತಿದ್ದೆ. ಬೆಳಿಗ್ಗೆ ಮಕ್ಕಳಿಗೆ ಕಥೆ. ಮಧ್ಯಾಹ್ನ ವೃದ್ಧರಿಗೆ ಪಿಂಚಣಿಯ ಅರ್ಜಿ ಬರೆದುಕೊಡುವ ಕೆಲಸ. ಸಂಜೆ ಕುಮಾರವ್ಯಾಸ ಭಾರತದ ಗಮಕ ವಾಚನ. ಮಕ್ಕಳ ನಗು ಜೋರಾದಾಗ ಮೂಲೆಯಲ್ಲಿದ್ದ ಯುವಕನೊಬ್ಬ ಎದ್ದು ಗ್ರಂಥಪಾಲಕರ ಬಳಿಗೆ ಹೋದ. “ಸಾರ್, ಮುಂದಿನ ವಾರ ನನಗೆ ಪರೀಕ್ಷೆ. ರೂಮಿನಲ್ಲಿ ನಾಲ್ಕು ಜನ ಇದ್ದೇವೆ. ಓದೋಕೆ ಜಾಗ ಇದ್ದಿದ್ದರೆ ಇಲ್ಲಿಗ್ಯಾಕೆ ಬರ್ತಿದ್ದೆ?” ಎಂದು ಕೇಳಿದ. ಅವರಿಗೆ ಉತ್ತರ ಹೊಳೆಯಲಿಲ್ಲ. ಸಂಜೆ, ಗೇಟಿನ ಹೊರಗೆ ಹೂ ಕಟ್ಟುವ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು, “ಓದಾಕ್ಕೆ ಬರ್ದೋರು ಒಳಗೆ ಬರಬೌದಾ ಸ್ವಾಮಿ?” ಎಂದಳು. “ಬನ್ನಿ ತಾಯಿ” ಎಂದು ಬೆಂಚಿನಲ್ಲಿ ಸರಿದು ಜಾಗ ಮಾಡಿದೆ.

ಈ ಇಬ್ಬರಲ್ಲಿ ಯಾರ ಹಕ್ಕು ದೊಡ್ಡದು?

ಮುದುಕಿಯ ಪರವಾಗಿ ಹೇಳಬೇಕಾದುದು ಬಹಳವಿದೆ. 1965ರಲ್ಲಿ, ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗಲೇ, ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ಮನೆ ಕಟ್ಟಡಗಳ ತೆರಿಗೆಯೊಂದಿಗೆ ಗ್ರಂಥಾಲಯ ಕರವೂ ಸೇರಿತು. ಮನೆಯವರು ಕಟ್ಟುವ ತೆರಿಗೆಯ ಭಾರ ಬಾಡಿಗೆಯಲ್ಲಿ ಇಳಿಯದೆ ಇರುತ್ತದೆಯೆ? ಅಕ್ಷರ ಬಾರದವಳೂ ನಮ್ಮ ಕಪಾಟುಗಳಿಗೆ ತನ್ನ ಪಾಲು ತೆತ್ತಿದ್ದಾಳೆ. ಅಲ್ಲದೆ ಒಬ್ಬರೇ ಕುಳಿತು ತುಟಿಯಾಡಿಸದೆ ಓದುವ ಅಭ್ಯಾಸ ನಮ್ಮಲ್ಲಿ ಎಷ್ಟು ಹಳೆಯದು? ಜಗಲಿಯ ಮೇಲೆ ಒಬ್ಬ ಓದಿ, ಹತ್ತು ಜನ ಕೇಳಿಯೇ ಭಾರತ ನಮ್ಮ ಹಳ್ಳಿಗಳಲ್ಲಿ ಉಳಿಯಿತು. ಆ ಸಂಜೆಯ ಗಮಕದಿಂದ ಗ್ರಂಥಾಲಯದ ನಿಯಮ ಮುರಿದಿರಬಹುದು. ಓದಿನ ಸಂಪ್ರದಾಯ ಮುರಿಯಲಿಲ್ಲ.

ಆದರೆ ಯುವಕನ ಮಾತನ್ನು ಅಷ್ಟಕ್ಕೇ ಬಿಡುವಂತಿಲ್ಲ. ಉಳ್ಳವರು ಮೌನವನ್ನು ಕೊಂಡುಕೊಳ್ಳಬಲ್ಲರು. ಪ್ರತ್ಯೇಕ ಕೋಣೆ, ದಪ್ಪ ಬಾಗಿಲು, ದೂರದ ತೋಟದ ಮನೆ. ಬಡವನಿಗೆ ಸಿಕ್ಕುವ ಮೌನ ಸಾರ್ವಜನಿಕವಾದದ್ದು, ಈ ಗ್ರಂಥಾಲಯದ್ದೊಂದೇ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳ ಬಳಕೆಯನ್ನು ಕುರಿತದ್ದು. ನಾಲ್ಕನೆಯದು ಓದುಗನ ಕಾಲವನ್ನು ಉಳಿಸುವ ವಿಚಾರ. ಮೊದಲನೆಯದು ಮುದುಕಿಯನ್ನು ಒಳಗೆ ಕರೆಯುತ್ತದೆ, ನಾಲ್ಕನೆಯದು ಯುವಕನ ಬೆನ್ನಿಗೆ ನಿಲ್ಲುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಅವಕಾಶವನ್ನು ಅವರು ಕೊಡಲಿಲ್ಲ.

ಹಾಗಾದರೆ ಮೌನ ಯಾರೊಬ್ಬರ ಸೊತ್ತೂ ಅಲ್ಲ. ಅದು ಎಲ್ಲರೂ ಸೇರಿ ತುಂಬಿಟ್ಟ ಕಣಜ. ಅದರಿಂದ ತೆಗೆಯುವವನು ಯಾತಕ್ಕಾಗಿ ತೆಗೆಯುತ್ತಿದ್ದೇನೆಂಬ ಲೆಕ್ಕ ಕೊಡಬೇಕು. ಮಕ್ಕಳ ಕಥೆ ಲೆಕ್ಕ ಕೊಡುತ್ತದೆ: ಅಂದು ನಕ್ಕ ಮಗು ನಾಳೆ ಪುಸ್ತಕ ಕೇಳಿಕೊಂಡು ಬಂದೀತು. ಪಿಂಚಣಿಯ ಅರ್ಜಿಯೂ ಲೆಕ್ಕ ಕೊಡುತ್ತದೆ. ಲೆಕ್ಕ ಕೊಡದೆ ಮೌನವನ್ನು ಸೂರೆಮಾಡುವುದು ಬೇರೆಯೇ ಒಂದು: ಹಾರ ತುರಾಯಿ, ಧ್ವನಿವರ್ಧಕ, ಒಬ್ಬರಾದ ಮೇಲೊಬ್ಬರ ಭಾಷಣ. ಗಣ್ಯರ ಸ್ವಾಗತ ಮುಗಿಯುವ ಹೊತ್ತಿಗೆ ಓದುವವನೂ ಎದ್ದು ಹೋಗಿರುತ್ತಾನೆ, ಕೇಳಬಂದವಳೂ ಎದ್ದು ಹೋಗಿರುತ್ತಾಳೆ. ಇಬ್ಬರ ಪಾಲೂ ಹೋಯಿತು, ಯಾರಿಗೂ ದಕ್ಕಲಿಲ್ಲ.

ಆದ್ದರಿಂದ ಇಂಥ ದಿನಗಳು ಬೇಡವೆನ್ನಲಾರೆ, ಇನ್ನಷ್ಟು ಬರಲಿ. ಒಂದು ಕೋಣೆಯಾದರೂ ಓದುವವನಿಗೆ ಉಳಿಯಲಿ. ಅಷ್ಟು ಸ್ಥಳವಿಲ್ಲದ ಕಡೆ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಗದ್ದಲ ಎಂದು ಮೊದಲೇ ತಿಳಿಸುವ ಸೌಜನ್ಯವಿರಲಿ. ಓದುವವನು ಒಂದು ಸಂಜೆಯನ್ನು ಬಿಟ್ಟುಕೊಡುವುದು ಔದಾರ್ಯ. ಅವನನ್ನು ಕೇಳದೆ ಅದನ್ನು ಕಿತ್ತುಕೊಳ್ಳುವುದು ಔದಾರ್ಯವಲ್ಲ. ಸಮಾಜಸೇವೆಯ ಹೆಸರಿನಲ್ಲಿ ಈ ಎರಡನ್ನೂ ಒಂದೇ ಎಂದು ಬಗೆಯುವುದು ಎಷ್ಟು ಸುಲಭ!