ಆರ್ಜವವೂ ರಾಟೆಯ ನೇರವೂ

ಕೇಡು ತೋರಿದ ಸ್ಥಳವೇ ಕೇಡು ಹುಟ್ಟಿದ ಸ್ಥಳವೆಂದು ಬಗೆಯುವುದು ಮನುಷ್ಯನ ಸಹಜ ಪ್ರವೃತ್ತಿಯು. ಗೋಡೆಯು ಬಿರಿದರೆ ಗಾರೆಯನ್ನೂ, ಬಾಲಕನು ಹಟಮಾರಿಯಾದರೆ ಬಾಲಕನನ್ನೂ ದೂರುವುದು ಸುಲಭ. ಬಿರುಕಿನ ಮೂಲವು ಅಡಿಗಲ್ಲಿನ ಕುಸಿತದಲ್ಲಿಯೂ, ಹಟದ ಮೂಲವು ಹಿರಿಯರ ಭಿನ್ನಮತದಲ್ಲಿಯೂ ಇರಬಹುದೆಂದು ವಿಚಾರಿಸುವವರು ವಿರಳ. ಸವೆದವನನ್ನೇ ಅಪರಾಧಿಯೆಂದು ತೀರ್ಮಾನಿಸುವುದು ನ್ಯಾಯವೇ? ಸವೆತವನ್ನು ನಿಲ್ಲಿಸಬೇಕೆಂಬವನು ಮೊದಲು ಪರೀಕ್ಷಿಸತಕ್ಕದ್ದು ಯಾವುದನ್ನು? ಈ ಪ್ರಶ್ನೆಗೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಮಾತ್ರವೇ ಹುಡುಕಬೇಕಾಗಿಲ್ಲ; ಸರಕು ಸಾಗಿಸುವ ಹಳೆಯದೊಂದು ಪಿಕಪ್ ವಾಹನದ ಎಂಜಿನ್ನಿನ ಮುಂಭಾಗದಲ್ಲಿಯೂ ಅದು ದೊರೆಯುತ್ತದೆ.

ಆನೆಗೊಂದಿಯು ತುಂಗಭದ್ರೆಯ ಉತ್ತರ ದಡದಲ್ಲಿ, ಹಂಪೆಗೆ ಎದುರಾಗಿರುವ ಪುರಾತನ ಗ್ರಾಮವು. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಆ ಸೀಮೆಯ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ಬತ್ತವೂ ಬಾಳೆಯೂ ಅಲ್ಲಿಯ ಬೆಳೆಗಳು. ಕೊಯ್ದ ಬಾಳೆಗೊನೆಯು ಬಹುದಿನ ಕಾದಿರುವ ಪದಾರ್ಥವಲ್ಲ. ಅದನ್ನು ಗಂಗಾವತಿಯ ಪೇಟೆಗೆ ಹೊತ್ತೊಯ್ಯುವ ವಾಹನವು ಬಂಡೆಗಳ ನಡುವಿನ ದಾರಿಯಲ್ಲಿ ಸುಡುಬಿಸಿಲಿಗೆ ನಿಂತುಹೋದರೆ ರೈತನ ಫಲವೂ ವಾಹನದೊಡೆಯನ ಬಾಡಿಗೆಯೂ ಏಕಕಾಲಕ್ಕೆ ನಷ್ಟವಾಗುವುವು. ಹಾಗೆ ನಿಲ್ಲಿಸುವ ವಸ್ತುವು ಕೆಲವು ಸಲ ಬೆರಳಗಲದ ಒಂದು ರಬ್ಬರಿನ ಪಟ್ಟಿಯಷ್ಟೇ ಆಗಿರುತ್ತದೆ.

ಈ ಪಟ್ಟಿಯನ್ನು ಬೆಲ್ಟೆಂದು ಕರೆಯುವುದು ರೂಢಿ. ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ ಮೂರು ರಾಟೆಗಳನ್ನು ಬಳಸಿ ಓಡುತ್ತದೆ. ಕೆಳಗಿನದು ಕ್ರ್ಯಾಂಕ್ ದಂಡದ ರಾಟೆ. ಶಕ್ತಿಯೆಲ್ಲವೂ ಅಲ್ಲಿಂದ ಬರತಕ್ಕದ್ದು. ಮೇಲಿನದು ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪಿನದು; ಪಕ್ಕದ್ದು ವಿದ್ಯುತ್ತನ್ನುಂಟುಮಾಡುವ ಆಲ್ಟರ್ನೇಟರಿನದು. ಬೆಲ್ಟಿನ ಅಡ್ಡಕೊಯ್ತವು ಬೆಣೆಯ ಆಕಾರದ್ದು. ಅದು ರಾಟೆಯ ಗಾಡಿಯ ತಳವನ್ನು ಮುಟ್ಟದೆ, ಎರಡು ಪಕ್ಕಗಳನ್ನು ಒತ್ತಿ ಹಿಡಿದೇ ಬಲವನ್ನು ಸಾಗಿಸುತ್ತದೆ. ಆದಕಾರಣ ಮೂರು ಗಾಡಿಗಳೂ ಒಂದೇ ಸಮತಲದಲ್ಲಿರಬೇಕಾದದ್ದು ಅವಶ್ಯ. ಇಂಥ ಬೆಲ್ಟಿಗೆ ಸಹ್ಯವಾದ ಓರೆಯು ಸುಮಾರು ಅರ್ಧ ಅಂಶ ಮಾತ್ರ. ಎಂದರೆ ಎರಡು ರಾಟೆಗಳ ನಡುವಣ ಒಂದು ಅಡಿಯ ಅಂತರಕ್ಕೆ ಹೆಚ್ಚೆಂದರೆ ಎರಡೂವರೆ ಮಿಲಿಮೀಟರು. ಅದಕ್ಕೆ ಮಿಗಿಲಾದರೆ ಬೆಲ್ಟು ಪ್ರತಿಯೊಂದು ಸುತ್ತಿನಲ್ಲಿಯೂ ಗಾಡಿಯೊಳಕ್ಕೆ ಓರೆಯಾಗಿ ಇಳಿಯುತ್ತ, ಅಂಚನ್ನು ತಿಕ್ಕಿಕೊಳ್ಳುತ್ತ, ಚಿಲಿಪಿಲಿಗುಟ್ಟುತ್ತ, ಕರಿಯ ಹುಡಿಯನ್ನು ಉದುರಿಸುತ್ತದೆ. ಕಡೆಗೆ ಮಗುಚಿಬೀಳುತ್ತದೆ, ಇಲ್ಲವೆ ಹರಿಯುತ್ತದೆ. ಪಂಪು ನಿಂತು ಎಂಜಿನ್ನು ಕಾದುಹೋಗುತ್ತದೆ.

ಇಲ್ಲಿ ಒಡೆಯನು ಮಾಡುವ ಉಪಾಯಗಳನ್ನು ಗಮನಿಸತಕ್ಕದ್ದು. ಮೊದಲನೆಯದು ಸದ್ದನ್ನಡಗಿಸುವುದು: ಬೆಲ್ಟಿಗೆ ಸಾಬೂನನ್ನು ತಿಕ್ಕಿದರೆ ಒಂದೆರಡು ದಿನ ಕೂಗು ನಿಲ್ಲುತ್ತದೆ, ಸವೆತವು ನಿಲ್ಲುವುದಿಲ್ಲ. ಎರಡನೆಯದು ಬಿಗಿಯುವುದು: ಎಳೆತ ಹೆಚ್ಚಿದಷ್ಟೂ ಕೂಗು ತಗ್ಗಬಹುದು, ಆದರೆ ಆ ಭಾರವೆಲ್ಲವೂ ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗುಗಳ ಮೇಲೆ ಬಿದ್ದು, ಅಗ್ಗದ ಪಟ್ಟಿಯನ್ನು ಉಳಿಸಹೋದವನು ಬೆಲೆಬಾಳುವ ಯಂತ್ರಭಾಗವನ್ನು ಕಳೆದುಕೊಳ್ಳುತ್ತಾನೆ. ಮೂರನೆಯದು ಬದಲಿಸುವುದು: ಹೊಸ ಬೆಲ್ಟು ಕೆಲಕಾಲ ಮೌನವಾಗಿ ದುಡಿದು, ಹಳೆಯದು ಹೋದ ದಾರಿಯಲ್ಲಿಯೇ ಹೋಗುತ್ತದೆ. ಮೌನ, ಬಲಾತ್ಕಾರ, ಬಹಿಷ್ಕಾರ: ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಪ್ರಯೋಗಿಸಲ್ಪಡುವ ಉಪಾಯಗಳು ಈ ಮೂರೇ ಅಲ್ಲವೇ?

ಬಲ್ಲ ದುರಸ್ತಿಗಾರನು ಹೀಗೆ ಮಾಡುವುದಿಲ್ಲ. ಎಂಜಿನ್ನನ್ನು ನಿಲ್ಲಿಸಿ, ಅದು ಆರಿದ ಮೇಲೆ, ಒಂದು ಗಟ್ಟಿ ನೂಲನ್ನು ಕ್ರ್ಯಾಂಕ್ ರಾಟೆಯ ಮುಖಕ್ಕೆ ತಾಗಿಸಿ ಮತ್ತೊಂದು ರಾಟೆಯ ಮುಖದವರೆಗೆ ಬಿಗಿಯಾಗಿ ಹಿಡಿಯುತ್ತಾನೆ. ಎರಡು ರಾಟೆಗಳ ಅಂಚುಗಳೂ ಸಮಾನ ದಪ್ಪದವಾಗಿದ್ದರೆ ನೂಲು ನಾಲ್ಕು ಕಡೆಗಳಲ್ಲಿ ತಾಗಬೇಕು. ಇಲ್ಲವಾದರೆ ಗಾಡಿಯ ನಡುವಿನಿಂದ ಅಳೆಯಬೇಕು. ನೂಲು ಒಂದು ರಾಟೆಯಿಂದ ಪೂರ್ತಿಯಾಗಿ ದೂರ ನಿಂತರೆ ಆ ರಾಟೆಯು ಹಿಂದೆ ಮುಂದಾಗಿದೆಯೆಂದೂ, ಒಂದೇ ಅಂಚಿಗೆ ತಾಗಿದರೆ ಅದು ಓರೆಯಾಗಿದೆಯೆಂದೂ ತಿಳಿಯತಕ್ಕದ್ದು. ಬಳಿಕ ಕಾರಣದ ಶೋಧನೆ: ಆಲ್ಟರ್ನೇಟರನ್ನು ಹಿಡಿದ ಬ್ರ್ಯಾಕೆಟ್ಟು ಬಾಗಿರಬಹುದು, ಅದರ ಬುಷ್ಷು ಸವೆದಿರಬಹುದು, ಹಿಂದಿನ ದುರಸ್ತಿಯಲ್ಲಿ ಒಂದು ವಾಷರು ತಪ್ಪಿಹೋಗಿರಬಹುದು. ಕೈಯಿಂದ ತಿರುಗಿಸುವಾಗ ರಾಟೆಯೇ ತೂಗಾಡಿದರೆ ದೋಷವು ಬೇರಿಂಗಿನಲ್ಲಿದೆ, ಇಲ್ಲವೆ ರಾಟೆಯೇ ಬಾಗಿದೆ. ಆಗ ಎಷ್ಟು ವಾಷರುಗಳನ್ನು ಹಾಕಿದರೂ ವ್ಯರ್ಥ. ಬೆಲ್ಟಿನ ಮೇಲೆ ಬೆಲ್ಟನ್ನು ಮಾರಿದರೆ ಲಾಭವುಂಟು; ನೂಲು ಹಿಡಿದು ಒಂದು ವಾಷರಿನಿಂದ ಕೆಲಸ ಮುಗಿಸಿದರೆ ಅಷ್ಟಿಲ್ಲ. ಹೀಗಿದ್ದೂ ನೂಲನ್ನು ಹಿಡಿಯುವವನಲ್ಲಿ ಧರ್ಮವಿದೆಯೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಋಜು ಎಂದರೆ ನೇರ. ಅದರ ಭಾವವು ಆರ್ಜವ. ಭಗವದ್ಗೀತೆಯು ಈ ಗುಣವನ್ನು ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳಲ್ಲಿಯೂ, ಹದಿನಾರನೆಯದರಲ್ಲಿ ದೈವೀ ಸಂಪತ್ತಿನಲ್ಲಿಯೂ ಎಣಿಸಿದೆ. ಲೋಕದಲ್ಲಿ ಅದನ್ನು ಒಬ್ಬೊಬ್ಬನ ಸ್ವಂತ ಗುಣವೆಂದು ತಿಳಿಯುವುದು ರೂಢಿ: ತನ್ನ ಮನಸ್ಸು ನೇರವಾಗಿದ್ದರೆ ಸಾಕೆಂದು. ಆದರೆ ರಾಟೆಗಳನ್ನು ನೋಡಿರಿ. ಒಂದೊಂದನ್ನೂ ಬಿಚ್ಚಿ ಪ್ರತ್ಯೇಕವಾಗಿ ಪರೀಕ್ಷಿಸಿದರೆ ಮೂರೂ ದುಂಡಗಿರಬಹುದು, ಮೂರೂ ನಿರ್ದೋಷವಾಗಿರಬಹುದು. ಕೂಡಿದಾಗ ಮಾತ್ರ ಓರೆ. ಆನೆಗೊಂದಿಯ ಹುಚ್ಚಪ್ಪಯ್ಯನ ಮಠದಲ್ಲಿ ಕಡೆದು ನುಣುಪುಮಾಡಿದ ಕರಿಗಲ್ಲಿನ ಕಂಬಗಳಿವೆ. ಒಂದೊಂದು ಕಂಬದ ದುಂಡುತನವು ಶಿಲ್ಪಿಯ ಕೈಚಳಕವೇ ಸರಿ; ಆದರೆ ಮೇಲಿನ ತೊಲೆಗೆ ಬೇಕಾದದ್ದು ಒಂದು ಕಂಬವು ಮತ್ತೊಂದರೊಡನೆ ಸಾಲುಗೂಡಿ ನಿಂತಿರುವುದು. ಹಾಗೆಯೇ ಆರ್ಜವವು ಒಬ್ಬನೊಳಗಿನ ಗುಣವು ಮಾತ್ರವಲ್ಲ. ಇಬ್ಬರ ನಡುವಣ ಸಂಬಂಧವೂ ಅಹುದು.

ತಂದೆಯು ಸಜ್ಜನ, ತಾಯಿಯು ಸಾಧ್ವಿ, ಉಪಾಧ್ಯಾಯನು ನಿಷ್ಠಾವಂತ. ಆದರೂ ಮೂವರೂ ಬಾಲಕನನ್ನು ಮೂರು ಗೆರೆಗಳಲ್ಲಿ ಎಳೆಯುತ್ತಿದ್ದರೆ ಸವೆಯುವವನು ಬಾಲಕನೇ. ಅತ್ತೆಗೂ ಮಗನಿಗೂ ಇರುವ ಓರೆಯಿಂದ ಸೊಸೆಯು ಸವೆಯುತ್ತಾಳೆ. ಕೂಗು ಅವರದು, ಆದುದರಿಂದ ತಪ್ಪೂ ಅವರದೆಂದು ಲೋಕವು ಹೇಳುತ್ತದೆ. ಕಬ್ಬಿಣಗಳ ನಡುವೆ ಮೆತ್ತಗಿರುವುದೇ ಮೊದಲು ಸವೆಯುವುದೆಂಬ ಸರಳ ನಿಯಮವನ್ನು ಅದು ಮರೆಯುತ್ತದೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ದೋಷವು ಸಂಬಂಧದಲ್ಲಿದೆಯೆಂದ ಮೇಲೆ ಯಾರೂ ಹೊಣೆಗಾರರಲ್ಲವೆಂದಾಗಲಿಲ್ಲವೇ? ಹಾಗಲ್ಲ. ನೂಲು ಹೊಣೆಯನ್ನು ಅಳಿಸುವುದಿಲ್ಲ. ಅದು ಎಲ್ಲಿದೆಯೆಂಬುದನ್ನು ತೋರಿಸುತ್ತದೆ. ಕ್ರ್ಯಾಂಕ್ ರಾಟೆಯ ಸ್ಥಾನವನ್ನು ಸರಿಸಲು ಬರುವುದಿಲ್ಲ. ಬ್ರ್ಯಾಕೆಟ್ಟಿನ ಮೇಲೆ ಕುಳಿತ ಆಲ್ಟರ್ನೇಟರನ್ನು ಸರಿಸಬಹುದು. ಆದ್ದರಿಂದ ಸರಿಯತಕ್ಕದ್ದು ಅದೇ. ಸಂಸಾರದಲ್ಲಿಯೂ ಸರಿಯಬಲ್ಲ ಶಕ್ತಿಯುಳ್ಳವನ ಮೇಲೆಯೇ ಸರಿಯುವ ಕರ್ತವ್ಯವು ಮೊದಲು ಬೀಳುತ್ತದೆ. ಎರಡು ರಾಟೆಗಳ ನಡುವೆ ಸಿಕ್ಕ ಬೆಲ್ಟಿಗೆ ಸರಿಯುವ ಸ್ವಾತಂತ್ರ್ಯವಿಲ್ಲ. ಅದನ್ನು ಬೇಡುವುದು ನ್ಯಾಯವಲ್ಲ.

ಇನ್ನೊಂದು ಮಾತುಂಟು. ರಾಟೆಗಳನ್ನು ನೇರಮಾಡಿದ ಮೇಲೂ ಹಳೆಯ ಬೆಲ್ಟು ಕೂಗಬಹುದು. ಓರೆಯ ದಿನಗಳ ಸವೆತವು ಅದರ ಮೈಯಲ್ಲಿ ಉಳಿದಿರುತ್ತದೆ. ಆಗ ಬೆಲ್ಟನ್ನು ಬದಲಿಸುವುದು ಸರಿಯಾದ ಕ್ರಮವೇ. ಮನುಷ್ಯನನ್ನು ಮಾತ್ರ ಹಾಗೆ ಬದಲಿಸಲಾಗದು. ಹಿರಿಯರು ತಮ್ಮ ಓರೆಯನ್ನು ತಿದ್ದಿಕೊಂಡ ಮಾರನೆಯ ದಿನವೇ ಮಗುವು ನಗಬೇಕೆಂದು ನಿರೀಕ್ಷಿಸುವುದು ಅವಿವೇಕವು. ಕಾರಣವನ್ನು ತಿದ್ದುವುದು ಅರ್ಧ ಧರ್ಮ. ಸವೆದವರು ಚೇತರಿಸಿಕೊಳ್ಳುವವರೆಗೆ ತಾಳ್ಮೆಯಿಂದ ಕಾಯುವುದು ಉಳಿದರ್ಧ. ಆದಕಾರಣ ಮನೆಯಲ್ಲಿ ಕೂಗು ಕೇಳಿಬಂದಾಗ ಗದರಿಸುವುದಕ್ಕೂ ಬಿಗಿಯುವುದಕ್ಕೂ ಮುಂಚೆ, ಹಿರಿಯನಾದವನು ನೂಲನ್ನು ಮೊದಲು ತನ್ನ ಮುಖಕ್ಕೆ ತಾಗಿಸಿ ಹಿಡಿಯತಕ್ಕದ್ದು.