ಕೊಟ್ಟದ್ದೆಲ್ಲವೂ ದತ್ತವೇ?

ಅದತ್ತವಾದುದನ್ನು ಗ್ರಹಿಸದಿರುವುದು ಅಚೌರ್ಯಾಣುವ್ರತದ ತಿರುಳು. ಆದರೆ ಸರ್ಕಾರವೇ ಕರೆದು, ರುಜು ಹಾಕಿಸಿಕೊಂಡು, ಕಾನೂನಿನಂತೆ ನೀಡಿದ ಪರಿಹಾರಧನವನ್ನು ನಷ್ಟವನ್ನೇ ಅನುಭವಿಸದವನು ಪಡೆದರೆ ಅದು ದತ್ತವೋ ಅದತ್ತವೋ? ಅಮೆರಿಕದ ಗ್ರಾಮಾಂತರದಲ್ಲಿ ನಡೆದ ಒಂದು ಪ್ರಸಂಗವು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತುತ್ತದೆ.

2002ರಲ್ಲಿ ಆ ದೇಶದ ಅನೇಕ ಭಾಗಗಳಲ್ಲಿ ಬರವುಂಟಾಗಿ ಹುಲ್ಲುಗಾವಲುಗಳು ಒಣಗಿದವು. ಮೇವಿಗೆ ನೆರವಾಗಲೆಂದು ಅಲ್ಲಿಯ ಕೃಷಿ ಇಲಾಖೆಯು ಜಾನುವಾರು ಪರಿಹಾರ ಯೋಜನೆಯನ್ನು ಆರಂಭಿಸಿತು. ಹಾಲು ಕೊಡುವ ಹಸುವೊಂದಕ್ಕೆ 31.50 ಡಾಲರ್, ಮಾಂಸಕ್ಕಾಗಿ ಸಾಕಿದ ದನವೊಂದಕ್ಕೆ 18 ಡಾಲರ್. (ವಧೆಗೆಂದೇ ಬೆಳೆಸುವ ಜೀವಿಗೆ ಮೇವು ಹಾಕುವುದು ದಯೆಯೋ ಹಿಂಸೆಯ ಸಿದ್ಧತೆಯೋ ಎಂಬುದು ಇದಕ್ಕಿಂತಲೂ ಭಾರವಾದ ವಿಷಯ, ಅದು ಪ್ರತ್ಯೇಕ ವಿಚಾರಕ್ಕೆ ಅರ್ಹವಾದುದು.) ಹಣ ಶೀಘ್ರವಾಗಿ ತಲುಪಲೆಂದು ನಷ್ಟದ ದಾಖಲೆಯನ್ನು ಕೇಳಲಿಲ್ಲ. ರೈತನ ಕೌಂಟಿ, ಅಂದರೆ ಜಿಲ್ಲೆಯಂತಹ ಆಡಳಿತ ವಿಭಾಗ, ಬರಪೀಡಿತವೆಂದು ಘೋಷಿತವಾಗಿದ್ದರೆ ಸಾಕಾಗಿತ್ತು. 2003ರಲ್ಲಿ ಬರದ ನಿಬಂಧನೆಯೂ ಹೋಯಿತು. ಯಾವ ಬಗೆಯ ವಿಪತ್ತಿನ ಘೋಷಣೆಯಾದರೂ ನಡೆಯುತ್ತಿತ್ತು.

ಅದೇ ವರ್ಷ ಫೆಬ್ರವರಿ 1ರಂದು ಕೊಲಂಬಿಯಾ ಗಗನನೌಕೆ ಆಕಾಶದಲ್ಲಿಯೇ ಛಿದ್ರವಾಗಿ, ಕರ್ನಾಲಿನಲ್ಲಿ ಜನಿಸಿದ ಕಲ್ಪನಾ ಚಾವ್ಲಾ ಸೇರಿದಂತೆ 7 ಮಂದಿ ಮಡಿದರು. ಅವಶೇಷಗಳು ಪೂರ್ವ ಟೆಕ್ಸಾಸಿನ ಹೊಲಗದ್ದೆಗಳಲ್ಲಿ ಬಿದ್ದವು. ಅವುಗಳನ್ನು ಸಂಗ್ರಹಿಸುವ ಕಾರ್ಯಕ್ಕಾಗಿ ಹೊರಡಿಸಿದ ತುರ್ತು ಘೋಷಣೆಯೇ ಅಲ್ಲಿಯ ದನಗಳ ಒಡೆಯರಿಗೆ ಮೇವಿನ ಪರಿಹಾರದ ಅರ್ಹತೆಯನ್ನೂ ತಂದುಕೊಟ್ಟಿತು! 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ಬಯಲಿಗೆ ತಂದಿತು. ಎರಡು ವರ್ಷಗಳಲ್ಲಿ ಹಂಚಿದ ಸುಮಾರು 120 ಕೋಟಿ ಡಾಲರ್‌ಗಳಲ್ಲಿ ಅರ್ಧಕ್ಕೂ ಮಿಕ್ಕ ಹಣವು ಬರವೇ ಇಲ್ಲದ ಅಥವಾ ಸಾಧಾರಣ ಬರವಿದ್ದ ಪ್ರದೇಶಗಳಿಗೆ ಸಂದಿತ್ತು. ತಮಗೆ ನಷ್ಟವಾಗಿರಲಿಲ್ಲವೆಂದು ಪಡೆದವರಲ್ಲಿಯೇ ಕೆಲವರು ಒಪ್ಪಿಕೊಂಡರು.

ಅಂತಹ ರೈತನನ್ನು ಕಳ್ಳನೆನ್ನುವುದು ಸುಲಭವಲ್ಲ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಹೇಳುವ 5 ಅತಿಚಾರಗಳಲ್ಲಿ ಯಾವುದೂ ಅವನಿಗೆ ತಗುಲದು. ಅವನು ಕಳವಿಗೆ ಪ್ರೇರೇಪಿಸಲಿಲ್ಲ, ಕದ್ದ ಮಾಲನ್ನು ಕೊಳ್ಳಲಿಲ್ಲ, ತೂಕದಲ್ಲಿ ಮೋಸ ಮಾಡಲಿಲ್ಲ, ಕಲಬೆರಕೆ ಮಾಡಲಿಲ್ಲ; ರಾಜ್ಯದ ನಿಯಮವನ್ನು ಮೀರುವುದಿರಲಿ, ಅದನ್ನು ಅಕ್ಷರಶಃ ಪಾಲಿಸಿದನು. ದನಗಳ ಸಂಖ್ಯೆಯನ್ನು ಸರಿಯಾಗಿಯೇ ಬರೆದನು.

ಆದರೂ ಲೆಕ್ಕ ಬಲ್ಲವನ ಕಣ್ಣಿಗೆ ಒಂದು ಕೊರತೆ ಕಾಣುತ್ತದೆ. ಜಮೆಯಿದೆ, ಅದರ ಎದುರು ನಷ್ಟದ ಬಾಬು ಇಲ್ಲ. ಬಸದಿಯ ಆಡಳಿತ ಮಂಡಳಿಗೆ ಆಹಾರದಾನಕ್ಕೆಂದು ದಾನಿಯೊಬ್ಬನು ಕೊಟ್ಟ ಹಣವನ್ನು ಕಟ್ಟಡಕ್ಕೆ ಸುಣ್ಣ ಬಳಿಯಲು ಬಳಸಬಾರದೆಂದು ಪ್ರತಿಯೊಬ್ಬ ಧರ್ಮದರ್ಶಿಯೂ ಬಲ್ಲನು. ಹಣವನ್ನು ಕೊಟ್ಟದ್ದು ನಿಜ. ಆದರೆ ಕೊಟ್ಟದ್ದು ಒಂದು ಉದ್ದೇಶಕ್ಕೆ. ಆ ಉದ್ದೇಶದ ಹೊರಗೆ ಅದು ಅದತ್ತವೇ. ತೆರಿಗೆದಾರನು ಸರ್ಕಾರದ ಕೈಯಿಂದ ಕೊಟ್ಟದ್ದು ಹಸಿದ ದನಕ್ಕೆ, ಹೊಟ್ಟೆ ತುಂಬಿದ ದನದ ಒಡೆಯನಿಗಲ್ಲ.

ಹಾಗಾದರೆ ಕಟ್ಟುನಿಟ್ಟಾದ ಪುರಾವೆ ಕೇಳಬೇಕಿತ್ತೇ? ಅದೂ ನಿರಪಾಯವಲ್ಲ. ಕಾಗದಪತ್ರಗಳು ಕಚೇರಿಯಿಂದ ಕಚೇರಿಗೆ ಅಲೆಯುವಷ್ಟರಲ್ಲಿ ಮೂಕಪ್ರಾಣಿ ಸಾಯುತ್ತದೆ. ಪುರಾವೆ ಕೇಳದಿರುವುದರಲ್ಲಿ ಅನುಕಂಪದ ಅಂಶವಿದ್ದೇ ಇದೆ. ಅನುಕಂಪದಿಂದ ತೆರೆದಿಟ್ಟ ಬಾಗಿಲಿನಲ್ಲಿ ಕಾವಲುಗಾರನಿರುವುದಿಲ್ಲ. ಅಲ್ಲಿ ಪಡೆಯುವವನ ವ್ರತವೊಂದೇ ಕಾವಲು. ನಾನು ಬಿಟ್ಟರೆ ಇನ್ನೊಬ್ಬನು ಒಯ್ಯುವನು ಎಂಬ ಮಾತು ಪೇಟೆಯಲ್ಲಿ ಸಾಕಷ್ಟು ಹಳೆಯದು, ಅದರಿಂದ ಯಾರ ಸಾಲವೂ ತೀರಿಲ್ಲ. ಅರ್ಜಿಯನ್ನೇ ಹಾಕದಿರುವ ದಾರಿ ಅವನಿಗಿತ್ತು. ಹಣ ಕೈಸೇರಿದ ಮೇಲೂ ನಿಜವಾಗಿ ಬರ ಬಿದ್ದಿದ್ದ ಸೀಮೆಗೆ ಅಷ್ಟೇ ಮೊತ್ತದ ಒಣಹುಲ್ಲನ್ನು ಕಳುಹಿಸಲು ಯಾವ ಕಾನೂನೂ ಅವನನ್ನು ತಡೆಯುತ್ತಿರಲಿಲ್ಲ.