ಇಲ್ಲದ್ದಕ್ಕೂ ಸಾಕ್ಷಿ ಬೇಕು

ಭೂತಲದಲ್ಲಿ ಘಟವಿಲ್ಲ. ತರ್ಕ ಕಲಿಯಲು ಕೂತವನಿಗೆ ಮೊದಮೊದಲೇ ಎದುರಾಗುವ ಉದಾಹರಣೆ ಇದು. ನೆಲ ಕಾಣುತ್ತದೆ, ಗಡಿಗೆ ಕಾಣುವುದಿಲ್ಲ. ಹಾಗಾದರೆ ಗಡಿಗೆ ‘ಇಲ್ಲ’ ಎಂಬ ಅರಿವು ಬಂದದ್ದೆಲ್ಲಿಂದ? ಕುಮಾರಿಲ ಭಟ್ಟನ ಮೀಮಾಂಸಕರು ಕಾಣದಿರುವುದನ್ನೇ ಒಂದು ಪ್ರಮಾಣವೆಂದು ಒಪ್ಪಿ ಅದಕ್ಕೆ ಅನುಪಲಬ್ಧಿ ಎಂದರು. ನೈಯಾಯಿಕರು ಒಪ್ಪಲಿಲ್ಲ. ಮಧ್ವಮತದವರಿಗೆ ಪ್ರತ್ಯಕ್ಷ, ಅನುಮಾನ, ಆಗಮ ಮೂರೇ ಸಾಕು. ಅದನ್ನು ‘ಪ್ರಮಾಣಪದ್ಧತಿ’ಯಲ್ಲಿ ಬಿಡಿಸಿ ಹೇಳಿದ ಜಯತೀರ್ಥರ ಆರಾಧನೆಗೆ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮೇಲೆ, ಈಗಲೂ ಜನ ಕೂಡುತ್ತಾರೆ. ನಮ್ಮಜ್ಜ ತಪ್ಪದೆ ಹೋಗುತ್ತಿದ್ದರು. ನನಗೆ ತರ್ಕಸಂಗ್ರಹ ಬಾಯಿಪಾಠ ಮಾಡಿಸಿದವರೂ ಅವರೇ. ಮುಂದೆ ನಾನು ಓದಿದ್ದು, ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ. ಅಜ್ಜನ ಬಾಯಲ್ಲಿ ಅದು “ಕಲ್ಲು ಒಡಿಯೋ ವಿದ್ಯಾ”.

ಒಡೆಯಲು ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕೆಳಗೆ ಹಬ್ಬಿರುವುದು ಭೀಮಾ ದ್ರೋಣಿ. ಇಲ್ಲಿನ ಪದರಶಿಲೆಗಳಿಗೆ 1872ರಲ್ಲಿ ಭೀಮೆಯ ಹೆಸರಿಟ್ಟವನು ವಿಲಿಯಂ ಕಿಂಗ್. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವುಗಳನ್ನು ವಿವರವಾಗಿ ಬರೆದ. ತಳದಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಅದರ ಮೇಲೆ ರಬನಪಳ್ಳಿ ಮರಳುಗಲ್ಲು ಮತ್ತು ಶೇಲ್, ಅದರ ಮೇಲೆ ಶಹಾಬಾದ ಸುಣ್ಣದಕಲ್ಲು, ಹಲ್ಕಾಲ್ ಶೇಲ್ ಇತ್ಯಾದಿ. ಎಲ್ಲ ನಮ್ಮ ಹಳ್ಳಿಗಳ ಹೆಸರೇ. ಇವುಗಳ ವಯಸ್ಸು 80ರಿಂದ 100 ಕೋಟಿ ವರ್ಷದ ಆಸುಪಾಸು ಎಂದು ಬಹುಮಂದಿಯ ಮತ. ಜಗಳ ಇನ್ನೂ ಮುಗಿದಿಲ್ಲ. ಚಿಂಚೋಳಿ ಕಡೆಗೆ ಹೋದರೆ ಇದೆಲ್ಲದರ ಮೇಲೆ 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕಪ್ಪುಕಲ್ಲು.

ಒಮ್ಮೆ ಶಹಾಬಾದದ ಫರಸಿ ಖಣಿಗೆ ಹುಡುಗರನ್ನು ಕರೆದೊಯ್ದಿದ್ದೆ. ಅಲ್ಲಿ ಹಾರೆ ಹಿಡಿದು ನಿಂತಿದ್ದ ವಯಸ್ಸಾದವರೊಬ್ಬರು ನನ್ನ ಪಾಠ ಪೂರ್ತಿ ಕೇಳಿಸಿಕೊಂಡು, “ಸರ, ಸಣ್ಣಾಂವಿದ್ದಾಗಿಂದ ಫರಸಿ ಎಬ್ಬಸ್ಲಾಕತ್ತೀನ್ರಿ. ಒಂದು ಚಿಪ್ಪು ಸಿಕ್ಕಿಲ್ಲ. ಇಲ್ಲಿ ಸಮುದ್ರ ಇತ್ತಂತ ಹೆಂಗ ಹೇಳ್ತೀರಿ?” ಎಂದರು. ವಿಶ್ವವಿದ್ಯಾಲಯದ ಮೌಖಿಕ ಪರೀಕ್ಷೆಯಲ್ಲೂ ನನ್ನನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ.

ಸಮುದ್ರಕ್ಕೆ ಸಾಕ್ಷಿ ಬೇರೆ ಇವೆ. ಕೆಳಗಿನ ಮರಳುಗಲ್ಲಿನಲ್ಲಿ ಗ್ಲಾಕೊನೈಟ್ ಎಂಬ ಹಸಿರು ಖನಿಜ ಸಿಗುತ್ತದೆ. ಹೂಳು ನಿಧಾನಕ್ಕೆ ಬೀಳುವ ಕಡಲ ತಳದಲ್ಲಿ ಅದು ಹುಟ್ಟುತ್ತದೆ. ಮೇಲೇರಿದಂತೆ ದಪ್ಪ ಮರಳು ಹೋಗಿ ಜೇಡಿ, ಜೇಡಿ ಹೋಗಿ ನುಣ್ಣನೆಯ ಸುಣ್ಣದ ಕೆಸರು. ಅಂದರೆ ದಂಡೆ ದೂರವಾಗುತ್ತ ಹೋಗಿದೆ, ಕಡಲು ಒಳನುಗ್ಗಿದೆ. ತೆರೆಯೆದ್ದು ಕಲಕುವ ನೀರಿನಲ್ಲಿ ಅಂಥ ನುಣ್ಣನೆಯ ಕೆಸರು ಪದರುಪದರಾಗಿ ಕೂರುವುದಿಲ್ಲ.

ಆದರೆ ಚಿಪ್ಪು? ಇಲ್ಲಿ ಅಜ್ಜನ ಪಾಠ ಬೇಕಾಗುತ್ತದೆ. ಕಾಣಲಿಲ್ಲ ಎಂದಮಾತ್ರಕ್ಕೆ ಇಲ್ಲ ಎನ್ನಬಾರದು; ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಲ್ಲಿ ಮಾತ್ರ ಕಾಣದಿರುವುದು ಸಾಕ್ಷಿಯಾದೀತು. ಯೋಗ್ಯಾನುಪಲಬ್ಧಿ ಎಂದರೆ ಇದೇ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕಂಬದ ಮೇಲೆ ಪಿಶಾಚಿ ಕಾಣಲಿಲ್ಲವೆಂದು ಪಿಶಾಚಿ ಇಲ್ಲವೆನ್ನಲಾಗದು, ಏಕೆಂದರೆ ಅದು ಕಣ್ಣಿಗೆ ಬೀಳುವ ಜಾತಿಯದೇ ಅಲ್ಲ. ಹಲ್ಕಾಲ್ ಶೇಲ್‌ನಲ್ಲಿ ಮಿಲಿಮೀಟರ್ ಲೆಕ್ಕದ ದುಂಡನೆಯ ಇಂಗಾಲದ ಕಲೆಗಳು ಸಿಕ್ಕಿವೆ, ಎಲುಬು ಚಿಪ್ಪು ಯಾವುದೂ ಇಲ್ಲದ ಮೆತ್ತನೆಯ ಜೀವಿಗಳವು. ಅಂಥವೇ ಉಳಿದ ದ್ರೋಣಿಯಲ್ಲಿ ಗಟ್ಟಿ ಚಿಪ್ಪು ಉಳಿಯುತ್ತಿರಲಿಲ್ಲವೆ? ಚಿಪ್ಪಿನ ಪ್ರಾಣಿಗಳು ಲೋಕದಲ್ಲಿ ಹೆಚ್ಚಿದ್ದೇ ಸುಮಾರು 54 ಕೋಟಿ ವರ್ಷದ ಹಿಂದೆ. ಖಣಿಯ ಆ ಹಿರಿಯರಿಗೆ ಹೇಳಿದೆ: ಈ ಕಲ್ಲು ಅದಕ್ಕಿಂತ ಹಳೆಯದು ಎನ್ನಲು ನಿಮಗೆ ಚಿಪ್ಪು ಸಿಗದಿದ್ದದ್ದೇ ನಮಗೆ ಪುರಾವೆ. ಅವರು ನಕ್ಕರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಇದಕ್ಕಿಂತ ದೊಡ್ಡ ‘ಇಲ್ಲ’ ಎರಡಿವೆ. ಗ್ರಾನೈಟಿಗೂ ಮರಳುಗಲ್ಲಿಗೂ ನಡುವೆ ಸುಮಾರು 150 ಕೋಟಿ ವರ್ಷ ಕಾಣೆಯಾಗಿದೆ. ಬೆರಳಿಟ್ಟರೆ ಅದೊಂದು ಗೆರೆ ಅಷ್ಟೇ. ಸುಣ್ಣದಕಲ್ಲಿಗೂ ಮೇಲಿನ ಲಾವಾಕ್ಕೂ ನಡುವೆ ಕಡಿಮೆಯೆಂದರೂ 70 ಕೋಟಿ. ನಮ್ಮ ನೆಲದಲ್ಲಿ ಬರೆದಿಟ್ಟ ಕಾಲಕ್ಕಿಂತ ಬರೆಯದ ಕಾಲವೇ ಹೆಚ್ಚು. ತರ್ಕದವರು ಅಭಾವವನ್ನು ನಾಲ್ಕು ಬಗೆ ಮಾಡುತ್ತಾರೆ. ಮೊದಲೆರಡು ಭೂವಿಜ್ಞಾನಿಗೆಂದೇ ಹೇಳಿದ ಹಾಗಿವೆ: ಇನ್ನೂ ಹುಟ್ಟದೆ ಇರುವುದರ ಅಭಾವ ಪ್ರಾಗಭಾವ, ಇದ್ದು ನಾಶವಾದದ್ದರ ಅಭಾವ ಪ್ರಧ್ವಂಸಾಭಾವ. ಹೂಳು ಬೀಳಲೇ ಇಲ್ಲವೋ, ಬಿದ್ದದ್ದು ಸವೆದು ಹೋಯಿತೋ? ಕೆಳಗಿನ ಗೆರೆಯಲ್ಲಿ ಉತ್ತರವಿದೆ. ಗ್ರಾನೈಟ್ ಹುಟ್ಟುವುದು ನೆಲದೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ. ಅದರ ಮೈಮೇಲೆ ಕಡಲಿನ ಮರಳು ಬಿದ್ದಿದೆ ಎಂದರೆ ಅಷ್ಟೂ ಮೇಲುಹೊದಿಕೆ ಸವೆದು ಹೋಗಿತ್ತು. ಅಂಚಿನಲ್ಲೇ ಉರುಟು ಹರಳುಕಲ್ಲುಗಳೂ ಸಿಗುತ್ತವೆ. ಪ್ರಧ್ವಂಸವೇ, ಸಂಶಯವಿಲ್ಲ. ಮೇಲಿನ ಗೆರೆ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಜಬಲ್ಪುರದ ಹತ್ತಿರ, ಗುಜರಾತಿನಲ್ಲಿ ಈ ಕಾಣೆಯಾದ ಕಾಲದ ಡೈನೋಸಾರ್ ಎಲುಬು ಸಿಕ್ಕಿವೆ. ಸೇಡಂನಲ್ಲಿ ಅವು ಓಡಾಡಲಿಲ್ಲ ಎನ್ನಲು ನನಗೆ ಹಕ್ಕಿಲ್ಲ. ಅವುಗಳ ಹೆಜ್ಜೆ ಹಿಡಿದಿಡುವ ಪುಟವೇ ಇಲ್ಲಿಲ್ಲ.

ಒಂದು ಪ್ರವಚನದಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, ಆ ಖಾಲಿ ಕಾಲವೇ ಪ್ರಳಯ ಎಂದುಬಿಟ್ಟರು. ನನ್ನ ವಿಚಾರವಾದಿ ಗೆಳೆಯನದು ಇನ್ನೊಂದು ತುದಿ: ಇಷ್ಟು ಪದರು ಅಗೆದಿರಿ, ದೇವರು ಎಲ್ಲಾದರೂ ಸಿಕ್ಕನೆ? ಇಬ್ಬರದೂ ಒಂದೇ ಆತುರ. ಮೊದಲನೆಯವರು ಗೊತ್ತಿಲ್ಲದ ಜಾಗಕ್ಕೆ ದೇವರನ್ನು ತುಂಬಿದರು. ನಾಳೆ ಯಾರೋ ಅಲ್ಲೊಂದು ಪದರು ಹುಡುಕಿದರೆ ಅವರ ದೇವರು ಜಾಗ ಖಾಲಿ ಮಾಡಬೇಕಾದೀತು. ಎರಡನೆಯವನು ಅಯೋಗ್ಯ ಅನುಪಲಬ್ಧಿಯನ್ನು ಪ್ರಮಾಣ ಮಾಡಿದ. ದೇವರಿದ್ದಿದ್ದರೆ ಸುಣ್ಣದಕಲ್ಲಿನಲ್ಲಿ ಗುರುತು ಬಿಡಲೇಬೇಕಿತ್ತೆಂದು ಯಾವ ಆಸ್ತಿಕ ಹೇಳಿದ್ದ? ಭಕ್ತರು ಕ್ಷಮಿಸಬೇಕು, ಪ್ರಮಾಣದ ಮಟ್ಟಿಗೆ ದೇವರ ಲೆಕ್ಕ ಆ ಕಂಬದ ಪಿಶಾಚಿಯದೇ. ನಂಬುವವರು ನಂಬಲಿ, ಕಲ್ಲನ್ನು ಸಾಕ್ಷಿಗೆ ಎಳೆಯುವುದು ಬೇಡ. ಸಾಕ್ಷಿ ಇಲ್ಲದ ಕಡೆ ಸುಮ್ಮನಿರುವುದಕ್ಕೂ ಸಾಧನೆ ಬೇಕು. ನನ್ನ ಕಸುಬು ಅದನ್ನು ದೇವಸ್ಥಾನಕ್ಕಿಂತ ಚೆನ್ನಾಗಿ ಕಲಿಸಿತು ಎಂದೇ ನನ್ನ ಭಾವನೆ.

ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ. ಪ್ರಧ್ವಂಸಕ್ಕೆ ಆದಿಯಿದೆ, ಅಂತ್ಯವಿಲ್ಲ ಎಂದು ಅಜ್ಜ ಹೇಳಿಕೊಟ್ಟಿದ್ದರು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಗೂಡುಗಳನ್ನು ನೋಡಿದಾಗ ಎರಡನೆಯದು ನೆನಪಾಗುತ್ತದೆ. ನೂರು ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ; ಪದರಂತೂ ಹೋಯಿತು. ಕಾರ್ಖಾನೆ ಬೇಡ ಎನ್ನುವವನಲ್ಲ ನಾನು. ನನ್ನ ಮನೆಯೂ ಅದೇ ಸಿಮೆಂಟಿನದು, ನನ್ನ ಎಷ್ಟೋ ವಿದ್ಯಾರ್ಥಿಗಳ ಅನ್ನವೂ ಅಲ್ಲಿಯದೇ. ಕೇಳುವುದು ಇಷ್ಟೇ: ಲಾಲ್‌ಬಾಗಿನ ಬಂಡೆಯನ್ನು, ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿದ ಹಾಗೆ, ಗ್ರಾನೈಟ್ ಮುಗಿದು ರಬನಪಳ್ಳಿ ಮರಳುಗಲ್ಲು ಶುರುವಾಗುವ ಒಂದು ಜಾಗವನ್ನು, ಹಳೆಯ ಖಣಿಯ ಒಂದು ಗೋಡೆಯನ್ನು ಮುಚ್ಚದೆ, ಒಡೆಯದೆ ಬಿಡಿ. ಕಲಬುರಗಿ ಜಿಲ್ಲಾಡಳಿತಕ್ಕೆ ಇದು ದೊಡ್ಡ ಖರ್ಚಿನ ಕೆಲಸವಲ್ಲ.